ಕೆಂಪು ತಂತಿ, ಬಿಳಿ ತಂತಿ

ನವೆಂಬರ್ 11, ಮಂಗಳವಾರ ಬೆಳಗ್ಗೆ 10.20. ಸೀರೆ ಅಂಗಡಿಯ ವೇಣುಗೋಪಾಲ್ ಬೆವರು ಒರೆಸಿಕೊಳ್ಳುತ್ತಾ ಠಾಣೆಗೆ ಬಂದರು. ತೂಬಗೆರೆಯಲ್ಲಿ ಸುತ್ತುತ್ತಿದ್ದ ಅವರ ಅಂಗಡಿಯ ಪ್ರಚಾರದ ಆಟೋದ ಮೈಕಿನಲ್ಲಿ, ಹಾಡಿನ ನಡುವೆ ಯಾವುದೋ ಹುಡುಗಿ ಕೂಗಿಕೊಂಡಿದ್ದಳಂತೆ.

"ಏನಂತ ಕೂಗಿದ್ಳು?" ಹೆಡ್ ಕಾನ್‌ಸ್ಟೆಬಲ್ ಭೀಮರಾಜ್ ಕೇಳಿದರು.

"ಅದೆಲ್ಲ ಯಾಕ್ರೀ? ನನ್ ಹೆಸ್ರು ಕೆಡಿಸೋಕೆ ಯಾರೋ ಮಾಡವ್ರೆ. ಹಿಡ್ಕೊಂಡ್ ಬನ್ನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಭೀಮರಾಜ್ ದೂರು ಬರೆದುಕೊಂಡರು. ದುಡ್ಡಿದ್ದವರ ದೂರಿಗೆ ಎಫ್‌ಐಆರ್ ಆಗಲು ಎಷ್ಟು ಹೊತ್ತು? ಹನ್ನೊಂದಕ್ಕೆಲ್ಲ ವಂಚನೆ, ಐಟಿ ಕಾಯ್ದೆ ಎರಡೂ ಸೇರಿ ಪ್ರಕರಣ ದಾಖಲಾಯಿತು.

12.15ಕ್ಕೆ ಆಟೋದ ಪಂಚನಾಮೆ. ಮೊಬೈಲಿನಿಂದ ಆಂಪ್ಲಿಫೈಯರ್‌ಗೆ ಹೋಗುವ ಕೆಂಪು, ಬಿಳಿ ತಂತಿಗಳಲ್ಲಿ ಕೆಂಪು ಕಿತ್ತುಬಂದಿತ್ತು. ಸಿಕ್ಕಿಸಿದರೆ ಬರೀ ಹಾಡು, ರಿಯಾಯಿತಿಯ ಮಾತು. ಕಿತ್ತರೆ ಹಾಡಿನ ಅಡಿಯಿಂದ ಆ ದನಿ: "ಅಪ್ಪಾ, ಹೊರಗಡೆಯಿಂದ ಚಿಲಕ ಹಾಕವ್ರೆ. ಹೊಗೆ ತುಂಬ್ಕೊಂಡೈತೆ. ಬೇಗ ಬಾರಪ್ಪಾ."

"ಯಾರಿದು?" ಎಂದರು ತಿಂಗಳ ಹಿಂದಷ್ಟೇ ಬಂದಿದ್ದ ಇನ್‌ಸ್ಪೆಕ್ಟರ್ ಸಂಘಮಿತ್ರ.

ಆ ದನಿ ಭೀಮರಾಜ್‌ಗೆ ಗೊತ್ತಿತ್ತು. "ಸ್ನೇಹ ಅಂತ, ಮೇಡಂ. ಎರಡು ವರ್ಷದ ಹಿಂದೆ ಇದೇ ವೇಣುಗೋಪಾಲ್ ಮಗ್ಗದ ಶೆಡ್ಡಿಗೆ ಬೆಂಕಿ ಬಿದ್ದಾಗ ಸತ್ತೋದ್ಳು. ಆಕಸ್ಮಿಕ ಅಂತ ಮುಗಿಸಿದ್ವಿ."

ಆ ಪ್ರಚಾರವನ್ನು ರೆಕಾರ್ಡ್ ಮಾಡಿಕೊಟ್ಟವನು ಸ್ನೇಹಳ ಅಪ್ಪ ಚಲಪತಿ. 2.40ಕ್ಕೆ ಇಬ್ಬರೂ ಅವನ ಸ್ಟುಡಿಯೋಗೆ ಹೋದಾಗ ಅವನು ಓಡಲಿಲ್ಲ. ಕುರ್ಚಿ ಎಳೆದು ಹಾಕಿದ.

"ಹೆಂಗ್ ಮಾಡ್ದೆ?" ಭೀಮರಾಜ್ ಕೇಳಿದರು.

"ಒಂದು ತಂತೀಲಿ ಅವಳ ದನಿ. ಇನ್ನೊಂದ್ರಲ್ಲಿ ಅದೇ ದನಿ, ಅಲೆ ಮಗುಚಿ ಹಾಕಿರೋದು. ಎರಡೂ ಸೇರಿದ್ರೆ ಒಂದನ್ನೊಂದು ಅಳಿಸಿಬಿಡ್ತವೆ ಸಾರ್. ಹಾಡು ಮಾತ್ರ ಉಳಿಯುತ್ತೆ."

"ಕೇಳಿಸ್ದೇ ಇರೋ ದನಿ ಯಾಕಪ್ಪಾ?"

"ಆಟೋ ತಂತಿ ಅಲ್ವಾ ಸಾರ್. ಒಂದಲ್ಲ ಒಂದಿನ ಕಿತ್ತೋಗುತ್ತೆ."

ಸಂಘಮಿತ್ರ ತಡೆದರು. "ಇದನ್ನ ಆಗ್ಲೇ ಠಾಣೆಗೆ ಕೊಡ್ಬೇಕಿತ್ತು."

"ಕೊಟ್ಟಿದ್ದೆ ಮೇಡಂ. ಅವತ್ತು ಅವಳು ಫೋನಿಗೆ ಕಳ್ಸಿದ್ದ ವಾಯ್ಸ್ ಮೆಸೇಜನ್ನ ಹಂಗೇ ಕೊಟ್ಟೆ. ಮಗ್ಗದ ಸದ್ದಲ್ಲಿ ಏನೂ ಕೇಳಲ್ಲ ಅಂದ್ರು. ಸದ್ದು ತೆಗೆದು ಕೊಟ್ಟೆ. ತಿದ್ದಿರೋದು ಸಾಕ್ಷಿ ಆಗಲ್ಲ ಅಂದ್ರು."

"ಆ ಫೋನೆಲ್ಲಿ?"

"ಠಾಣೇಲೇ ಕಳೆದೋಯ್ತಂತೆ."

ಅಂದವರು ಯಾರೆಂದು ಚಲಪತಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. 'ಮಗ್ಗದ ಸದ್ದಿನ ಹೊರತು ಬೇರೇನೂ ಕೇಳಿಸುವುದಿಲ್ಲ' ಎಂದು ಆಗಿನ ವರದಿಯಲ್ಲಿ ಬರೆದ ಕೈ ಭೀಮರಾಜರದೇ. ಮೇಲಿನವರು ಹೇಳಿದ್ದರು, ಇವರು ಬರೆದಿದ್ದರು.

3.30ಕ್ಕೆ ಬಂಧನ. ಮೆಮೋಗೆ ಸಹಿ ಹಾಕುತ್ತಿದ್ದವನನ್ನು ಭೀಮರಾಜ್ ಮೆಲ್ಲಗೆ ಕೇಳಿದರು, "ಇನ್ಯಾವ ಪ್ರಚಾರಕ್ಕೆ ಈ ದನಿ ಹಾಕಿದ್ದೀಯಪ್ಪಾ?"

"ಮಾಡಿದ್ದೆಲ್ಲದಕ್ಕೂ. ನೀವು ಬಿಟ್ಟಿಯಾಗಿ ಮಾಡಿಸ್ಕೊಂಡ್ರಲ್ಲಾ ಸಾರ್, ಹೆಲ್ಮೆಟ್ಟಿಂದು, ಅದಕ್ಕೂ."

ಐದಕ್ಕೆ ಠಾಣೆಯ ಜೀಪು ಹೆಲ್ಮೆಟ್ ಜಾಗೃತಿಗೆ ದೊಡ್ಡಬೆಳವಂಗಲಕ್ಕೆ ಹೊರಡಬೇಕಿತ್ತು. ಭೀಮರಾಜ್ ಹಿಂದಿನ ಸೀಟಿನಲ್ಲಿದ್ದ ಆಂಪ್ಲಿಫೈಯರ್ ಕಡೆ ಬಗ್ಗಿ, ಪ್ರಚಾರ ಹಚ್ಚಿ, ಕೆಂಪು ತಂತಿ ಕಿತ್ತರು.

"ಬೇಗ ಬಾರಪ್ಪಾ."

ಒಂದು ವರ್ಷದಿಂದ ಇದೇ ಸೀಟಿನಲ್ಲಿ ಕೂತು, ಈ ಕೂಸನ್ನು ಊರೂರು ಸುತ್ತಿಸಿದವರು ಅವರೇ.

"ಹೊತ್ತಾಯ್ತು, ಹತ್ತಿ ಸಾರ್," ಎಂದು ಡ್ರೈವರ್ ಕೂಗಿದ.

ಭೀಮರಾಜ್ ಕೆಂಪು ತಂತಿಯನ್ನು ಮತ್ತೆ ಸಿಕ್ಕಿಸಿದರು. ನಿಮ್ಮ ಜೀವ ಅಮೂಲ್ಯ ಎಂದು ಸಾರುತ್ತಾ ಜೀಪು ಹೊರಟಿತು.