ಆಯಿಟೆ ಬೋರ್ಡ್ ಬಡಿಯಲಿಲ್ಲ

"ಅಯ್ಯೋ, ಹಿಡ್ಕೋ!"

ಸೆನಮ್ ಕೂಗುವಷ್ಟರಲ್ಲಿ ಅವಳು ಒಂದು ಕಡೆ, ಸ್ಕೇಟ್‌ಬೋರ್ಡ್ ಒಂದು ಕಡೆ. ಬಿದ್ದದ್ದು ನೆಲದ ಮೇಲಲ್ಲ, ಆಯಿಟೆಯ ಮೇಲೆ!

"ಬೀಳೋಕೆ ಇಡೀ ಅಕ್ರಾದಲ್ಲಿ ನಾನೊಬ್ಬನೇ ಸಿಕ್ಕಿದ್ನಾ ತಾಯಿ?"

"ಅಡ್ಡ ನಿಂತಿದ್ದು ಯಾರು?"

ಅವನಿಗೆ ನಗು ಬಂತು, ಅವಳಿಗೆ ಕೋಪ. ಆದರೆ ಮರುದಿನ ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಆ ನಗುವೇ ಕಣ್ಣಮುಂದೆ ಬಂತಲ್ಲ, ಅದಕ್ಕೇನು ಹೇಳೋಣ!

ದೂರದ ಕೆಟಾ ಊರಿಂದ ಅಕ್ರಾಗೆ ಹೊಲಿಗೆ ಕಲಿಯಲು ಬಂದ ಹುಡುಗಿ ಸೆನಮ್. ಸಂಜೆ ಅಂಗಡಿ ಮುಚ್ಚಿದ ಮೇಲೆ ಬೋರ್ಡ್ ಕಲಿಸಲು ಆಯಿಟೆಯೇ ಗುರು. ಹಾರಬೇಕು, ಗಾಳಿಯಲ್ಲೇ ಬೋರ್ಡ್ ಸಮೇತ ಅರ್ಧ ಸುತ್ತು ತಿರುಗಬೇಕು, ಹಿಮ್ಮುಖವಾಗಿ ಇಳಿಯಬೇಕು.

"ಮೊದ್ಲು ಭುಜ ತಿರುಗ್ಲಿ, ಕಾಲು ತಾನಾಗೇ ಬರುತ್ತೆ. ಹೆದರಿದ್ರೆ ಅರ್ಧದಲ್ಲೇ ಬೀಳ್ತೀಯ ಕಣೇ."

ಅಲ್ಲಿ ಸ್ಕೇಟ್ ಮಾಡುವವರಲ್ಲಿ ಯಾರಾದರೂ ಹೊಸ ವರಸೆ ಕಲಿತರೆ ಉಳಿದವರು ತಮ್ಮ ಬೋರ್ಡನ್ನು ನೆಲಕ್ಕೆ ಬಡಿಯುತ್ತಿದ್ದರು. ಅವರ ಚಪ್ಪಾಳೆಯೇ ಅದು.

"ನೀನು ತಿರುಗಿದ ದಿನ ಬೋರ್ಡ್ ಮುರಿದ್ರೂ ಸೈ, ಹಂಗೆ ಬಡೀತೀನಿ" ಎಂದಿದ್ದ ಆಯಿಟೆ.

'ಅವತ್ತೇ ನಾನೂ ಹೇಳಿಬಿಡ್ತೀನಿ... ನೀನಂದ್ರೆ ನಂಗೆ ಪ್ರಾಣ ಅಂತ!' ಸೆನಮ್ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಆ ದಿನ ಬಂತು. ಅಕ್ರಾದ ಸುಗ್ಗಿ ಹಬ್ಬ ಹೊಮೊವೊಗೆ ಮುಂಚೆ, ಊರಲ್ಲಿ ಡೋಲು ನಿಂತು, ಚರ್ಚಿನವರೂ ಮೆತ್ತಗೆ ಹಾಡುತ್ತಿದ್ದ ದಿನಗಳವು. ಭುಜ ತಿರುಗಿತು, ಬೋರ್ಡ್ ತಿರುಗಿತು, ನಾಲ್ಕೂ ಚಕ್ರ ನೆಲ ಹಿಡಿದವು! ಹಿಮ್ಮುಖವಾಗಿ ಜಾರುತ್ತಲೇ ಸೆನಮ್ ಆಯಿಟೆಯನ್ನು ನೋಡಿದಳು.

ಅವನು ಬೋರ್ಡ್ ಮೇಲೆತ್ತಿದ. ಹಾಗೇ ಇಳಿಸಿ ಕಂಕುಳಲ್ಲಿ ಅವುಚಿಕೊಂಡು ತಲೆ ತಗ್ಗಿಸಿದ.

'ಇಷ್ಟೇನಾ? ನಿನ್ನೆ ಮೊನ್ನೆ ಬಂದವರಿಗೆಲ್ಲ ಬಡಿದವನಿಗೆ ನಾನು ಮಾತ್ರ ಲೆಕ್ಕಕ್ಕಿಲ್ವಾ?'

"ಸೆನಮ್, ನಿಲ್ಲೇ..."

"ಸಾಕು ಮಾರಾಯ!"

ಆಮೇಲೆ ಅವಳು ಆ ಕಡೆ ತಲೆ ಹಾಕಲಿಲ್ಲ. ಅವನು ಅಂಗಡಿ ಬಾಗಿಲಿಗೆ ಬಂದರೆ, ಮಾತು ಕಿವಿಗೆ ಬೀಳದಂತೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು. ಅವನು ಹೋದ ಮೇಲೆ ಮಾತ್ರ ಅಳುತ್ತಿದ್ದಳು.

ಒಂದು ಮಧ್ಯಾಹ್ನ ದೂರದಲ್ಲಿ ಡೋಲು ಗುಡುಗಿತು. ಹಬ್ಬಕ್ಕೆ ಮುಂಚೆ ಯಾರೂ ಸದ್ದು ಮಾಡಬಾರದೆಂದು ಊರು ಹಾಕಿದ್ದ ಕಟ್ಟು ಮುಗಿದಿತ್ತು! ಸ್ವಲ್ಪ ಹೊತ್ತಿಗೇ ಅಂಗಡಿ ಬಾಗಿಲಲ್ಲಿ... ಧಡ್! ಧಡ್! ಧಡ್!

"ನನ್ ಮೆಟ್ಟಿಲು ಮುರೀತೀಯೇನೋ!" ಅಂಗಡಿಯ ಒಡತಿ ಡೆಡೆ ಆಂಟಿ ಕತ್ತರಿ ಹಿಡಿದೇ ಎದ್ದು ಬಂದರು.

"ಇಷ್ಟು ದಿನ ಕೂಡಿಟ್ಟಿದ್ದೆ ಆಂಟಿ!" ಆಯಿಟೆ ಬಡಿಯುತ್ತಲೇ ಇದ್ದ. ಬೋರ್ಡಿನ ತುದಿ ಸೀಳಿಹೋಗಿತ್ತು. "ನಮ್ಮಜ್ಜ ಈ ಊರಿನ ದೇವರ ಸೇವೆ ಮಾಡೋರು ಸೆನಮ್. ಕಟ್ಟು ಇರೋವಾಗ ನಮ್ಮನೇಲಿ ಚಪ್ಪಾಳೆನೂ ತಟ್ಟಲ್ಲ. ಬೋರ್ಡ್ ಓಡೋ ಸದ್ದು ಬೇರೆ, ಬೇಕಂತ ಬಡಿಯೋದು ಬೇರೆ."

"ಬಾಯಿ ಇರ್ಲಿಲ್ವಾ? ಚೆನ್ನಾಗಿತ್ತು ಅನ್ನೋಕೆ ಏನು ರೋಗ?"

"ಬಾಯಿ ಬಿಟ್ಟಿದ್ರೆ ಖುಷಿಗೆ ಅಲ್ಲೇ ಅತ್ತುಬಿಡ್ತಿದ್ದೆ ಕಣೇ..."

ಅವಳ ಸಿಟ್ಟೆಲ್ಲ ಕರಗಿಹೋಯಿತು. "ನೀನು ಬಡಿದ ದಿನ ಒಂದು ಮಾತು ಹೇಳ್ಬೇಕು ಅಂತಿದ್ದೆ."

"ಹೇಳು."

"ಆಂಟಿಗೆ ಕೇಳ್ಸುತ್ತೆ..."

"ಇವತ್ತು ಸದ್ದು ಮಾಡ್ಬೋದು!"

"ನೀನಂದ್ರೆ ನಂಗೆ ಪ್ರಾಣ!" ಬೀದಿಗೆಲ್ಲ ಕೇಳುವಂತೆ ಕೂಗಿದಳು ಸೆನಮ್.

ಆಯಿಟೆ ಮತ್ತೆ ಬೋರ್ಡ್ ಎತ್ತಿದ. "ನಂಗೂ ಕಣೇ... ಇದಕ್ಕೂ ಬಡೀಲಾ?"

"ಬೇಡ. ಅದನ್ನ ಕೆಳಗಿಟ್ಟು ನನ್ನ ಹಿಡ್ಕೋ."