ಬೇಡ ಎನ್ನಬಲ್ಲವಳು

ಸೊಹೈಲ್ ಚಾಚಿದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು!

ಹಂಪಾಪುರದ ಹಾಲಿನ ಡೇರಿ ಮುಂದೆ ಐವತ್ತು ಜನ ರೈತರು ಕೂತಿದ್ದರು. ಹುಣಸೂರಿನಲ್ಲಿ ಹಾಲು ಕರೆಯುವ ಯಂತ್ರಗಳ ಅಂಗಡಿ ಇಟ್ಟಿದ್ದ ಸೊಹೈಲ್ ಅಂದು ಹೊಸ ಯಂತ್ರ ತೋರಿಸಲು ಬಂದಿದ್ದ. ಅವನ ಹಳೆಯ ಗೆಳೆಯ, ಡೇರಿ ಕಾರ್ಯದರ್ಶಿ ವಸಂತ್, "ಇವ್ರು ನಮ್ಮ ದನದ ಡಾಕ್ಟ್ರು, ಮೆಹನಾಜ್ ಮೇಡಂ. ಎಚ್.ಡಿ. ಕೋಟೆಯೋರು" ಎಂದು ಪರಿಚಯಿಸಿದ್ದ.

ಅವಳು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ನಗುತ್ತಾ ತಲೆಬಾಗಿದಳು. "ಸಲಾಂ. ನಾನು ಕೈ ಕುಲುಕಲ್ಲ, ತಪ್ಪು ತಿಳ್ಕೋಬೇಡಿ."

"ಅಯ್ಯೋ, ಕೈ ವಾಪಸ್ ಬಂತಲ್ಲಪ್ಪೋ!" ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಗೊಳ್ಳೆಂದು ನಕ್ಕರು.

ಅವನೂ ನಕ್ಕ. ಆದರೆ ಕಿವಿಗಳು ಕೆಂಪಾದವು. ಹೊರಡುವಾಗ ಅವಳ ಸ್ಕೂಟರ್ ಪಕ್ಕ ನಿಂತು ತಗ್ಗಿದ ದನಿಯಲ್ಲಿ ಹೇಳಿದ, "ನಾನು ಇವ್ರೆಲ್ಲರ ಜೊತೆ ಬೆರೆಯೋಕೆ ಇಷ್ಟು ವರ್ಷ ಒದ್ದಾಡಿದ್ದೀನಿ ಡಾಕ್ಟ್ರೇ. ನೀವು ಹೀಗೆ ದೂರ ನಿಂತ್ರೆ ಅವ್ರು ನಮ್ಮನ್ನೆಲ್ಲ ಒಂದೇ ತಕ್ಕಡೀಲಿ ತೂಗ್ತಾರೆ."

"ನಾನು ಕೈ ಕುಲುಕಲ್ಲ ಅಂತ ಈ ಊರಿಗೆ ಎರಡು ವರ್ಷದಿಂದ ಗೊತ್ತು. ಬೇಜಾರಾಗಿದ್ದು ನಿಮಗೆ ಮಾತ್ರ."

ಅಷ್ಟು ಹೇಳಿ ಅವಳು ಗಾಡಿ ಹತ್ತಿದಳು. ಆದರೆ ದಾರಿಯುದ್ದಕ್ಕೂ ಆ ಕೆಂಪು ಕಿವಿಗಳೇ ಕಣ್ಣ ಮುಂದೆ... 'ಪಾಪ, ಅಷ್ಟು ಜನರ ಮುಂದೆ! ಆದರೆ ನಾನು ತಪ್ಪೇನು ಮಾಡಿದೆ?'

ವಾರ ಕಳೆಯಿತು. ಒಂದು ಬೆಳಿಗ್ಗೆ ವಸಂತನ ಅಪ್ಪ ಮಂಚಯ್ಯ ಫೋನ್ ಮಾಡಿದ. "ಅವ್ವಾ, ನಮ್ಮ ಕೆಂದಿ ಈಯಕ್ಕೆ ಒದ್ದಾಡ್ತಾವಳೆ. ಬೇಗ ಬಾರವ್ವಾ!"

ಕೊಟ್ಟಿಗೆಗೆ ಕಾಲಿಟ್ಟರೆ, ಅಲ್ಲಿ ಸೊಹೈಲ್! ಯಂತ್ರ ಜೋಡಿಸಲು ಬಂದವನು ಹಸುವಿನ ತಲೆಯ ಬಳಿ ಕೂತು ಅದರ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಿದ್ದ.

ಮೆಹನಾಜ್ ಕೈಗೆ ಉದ್ದನೆಯ ಗ್ಲೌಸ್ ಹಾಕಿಕೊಂಡು ಪರೀಕ್ಷಿಸಿದಳು. ಕರುವಿನ ಒಂದು ಕಾಲು ಹಿಂದಕ್ಕೆ ಮಡಚಿಕೊಂಡಿತ್ತು. ಅದನ್ನು ಸರಿಪಡಿಸಿ ಹಗ್ಗ ಕಟ್ಟಲು ಅರ್ಧ ಗಂಟೆ ಹಿಡಿಯಿತು.

"ಸೊಹೈಲ್ ಅವ್ರೇ, ಹಗ್ಗ ಹಿಡೀರಿ. ನಾನು ಹೇಳಿದಾಗ ಎಳೀಬೇಕು, ನಿಲ್ಲಿಸು ಅಂದಾಗ ನಿಲ್ಲಿಸ್ಬೇಕು."

ಅವನು ತಕ್ಷಣ ಹಗ್ಗ ಹಿಡಿದ. ಅವಳು ಹೇಳಿದಾಗ ಎಳೆದ, ಹೇಳಿದಾಗ ನಿಲ್ಲಿಸಿದ. ಒದ್ದೆ ಕರು ಹುಲ್ಲಿನ ಮೇಲೆ ಜಾರಿ ಬಿದ್ದು ಕೆಮ್ಮಿದಾಗ, "ಉಸಿರಾಡ್ತಿದೆ ಡಾಕ್ಟ್ರೇ! ಉಸಿರಾಡ್ತಿದೆ!" ಎಂದು ಕೂಗಿದ. ಅವನ ಅಂಗೈಗಳ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ.

ಅವಳ ಎದೆಯಲ್ಲಿ ಏನೋ ಮೆತ್ತಗಾಯಿತು...

ಅಷ್ಟರಲ್ಲಿ ಮಂಚಯ್ಯನ ಹೆಂಡತಿ ಸಿದ್ದಲಿಂಗಮ್ಮ ಅರಿಶಿನ ಕುಂಕುಮದ ತಟ್ಟೆ ತಂದು ಹಸುವಿಗೂ ಕರುವಿಗೂ ಇಟ್ಟಳು. ಮೊಬೈಲ್ ಹಿಡಿದು ನಿಂತಿದ್ದ ವಸಂತ್ ಉತ್ಸಾಹದಲ್ಲಿ, "ಡಾಕ್ಟ್ರಿಗೂ ಇಡವ್ವಾ! ವಿಡಿಯೋ ಡೇರಿ ಗ್ರೂಪಿಗೆ ಹಾಕ್ತೀನಿ" ಎಂದ.

"ಬೇಡ ವಸಂತ್. ಅದು ನಮ್ಮಲ್ಲಿಲ್ಲ."

"ಒಂದು ಬೊಟ್ಟು ಅಷ್ಟೇ ಕಣ್ರೀ ಮೇಡಂ, ಏನಾಯ್ತದೆ?"

ಅವಳು ಮತ್ತೆ ಮಾತಾಡುವ ಮೊದಲೇ ಸೊಹೈಲ್ ಮುಂದೆ ಬಂದು ಹಣೆ ಒಡ್ಡಿದ. "ನನಗಿಡಿ ಅಮ್ಮಾ. ನನಗೇನೂ ತೊಂದ್ರೆ ಇಲ್ಲ!"

ಮೆಹನಾಜ್‌ಗೆ ಕೆನ್ನೆಗೆ ಹೊಡೆದಂತಾಯಿತು. ನನಗೇನೂ ತೊಂದರೆ ಇಲ್ಲ... ಅಂದರೆ ತೊಂದರೆ ಇರುವವಳು ನಾನೊಬ್ಬಳೇ!

ಸಿದ್ದಲಿಂಗಮ್ಮ ಅವನಿಗೆ ಬೊಟ್ಟಿಟ್ಟು, ಮಗನ ಕಡೆ ತಿರುಗಿ ಗದರಿದಳು. "ಅವ್ವ ಬ್ಯಾಡ ಅಂದ್ಮೇಕೆ ಬುಡ್ಲಾ. ನಾನು ಸೋಮವಾರ ದ್ಯಾವ್ರ ದಿನ ಅಂತ ಈಯವ್ವನ್ನ ಅಡುಗೆಮನೆ ಒಳೀಕೆ ಬುಡ್ತೀನಾ? ಜಗುಲಿ ಮ್ಯಾಲೆ ಕೂತ್ಕಂಡು ಕಾಪಿ ಕುಡುದು ಓಯ್ತಾಳೆ. ಒಂದಿನ ಮುಖ ಊದಿಸ್ಕಂಡವಳಾ?"

ಹೊರಗೆ ಬಂದಾಗ ಮೆಹನಾಜ್ ಕಂಡದ್ದೇನು? ಬೀದಿಯ ತಿರುವಿನಲ್ಲಿ ಸೊಹೈಲ್ ಕರವಸ್ತ್ರದಿಂದ ಹಣೆಯನ್ನು ಗಸಗಸ ಒರೆಸಿಕೊಳ್ಳುತ್ತಿದ್ದ. ಅವಳು ಗಾಡಿ ನಿಲ್ಲಿಸಿದಳು. ಅವನು ಬೆಚ್ಚಿಬಿದ್ದ.

"ಇಡಿಸ್ಕೊಂಡಿದ್ದು ಅವ್ರಿಗೆ ಹೆದರಿ. ಒರೆಸ್ತಾ ಇರೋದು ಮನೆಯೋರಿಗೆ ಹೆದರಿ. ಇದ್ರಲ್ಲಿ ನೀವೆಲ್ಲಿದ್ದೀರಿ ಸೊಹೈಲ್?"

"ನಿಮಗೇನು ಗೊತ್ತು?" ಅವನ ದನಿ ಒಡೆಯಿತು. "ಅಂಗಡಿ ಇಟ್ಟ ಹೊಸದರಲ್ಲಿ ಮೂರು ಊರಲ್ಲಿ ಹೆಸರು ಕೇಳಿ ಕೆಲಸ ಕೊಡದೆ ಕಳಿಸಿದ್ರು. ಆವತ್ತಿಂದ ಯಾವುದಕ್ಕೂ ಇಲ್ಲ ಅಂದಿಲ್ಲ ನಾನು. ಎಲ್ಲಿ ದೂರ ಮಾಡ್ತಾರೋ ಅಂತ..."

ಅವಳ ಕೋಪ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧದಲ್ಲೇ ಹೇಳಿದಳು, "ಅದು ಅವ್ರ ತಪ್ಪು. ಅದಕ್ಕೆ ನೀವು ಯಾಕೆ ನಿಮ್ಮನ್ನೇ ಅಳಿಸ್ಕೋಬೇಕು? ಬೇಡ ಅನ್ನೋಕೆ ಬರದೇ ಇರೋರ 'ಹೂಂ'ಗೆ ಏನು ಬೆಲೆ?"

ಆ ಸಂಜೆ ಕೋಟೆಯ ಮನೆಯಲ್ಲಿ ಅವಳ ತಾಯಿ ಆಮಿನಾಬಿ ಸುದ್ದಿಯೊಂದನ್ನು ಹಿಡಿದು ಕಾದಿದ್ದಳು. "ಹುಣಸೂರಿಂದ ಸಂಬಂಧ ಬಂದಿದೆ ಬೇಟಿ. ಶಂಶುದ್ದೀನ್ ಸಾಹೇಬರ ಮಗ, ಹಾಲಿನ ಯಂತ್ರದ ಅಂಗಡಿ. ಹುಡುಗ ತಾನಾಗೇ ಮೊನ್ನೆ ಕೇಳಿದ್ನಂತೆ!"

ಮೆಹನಾಜ್ ಗರಬಡಿದವಳಂತೆ ನಿಂತಳು. 'ಅಂದರೆ... ಆ ಮೊದಲ ದಿನದ ಅವಮಾನದ ಮೇಲೂ ನನ್ನನ್ನೇ ಕೇಳಿದನೆ?'

ಹೂಂ ಎನ್ನುವ ಮಾತು ನಾಲಿಗೆ ತುದಿಯವರೆಗೂ ಬಂತು. ಆದರೆ ಎಲ್ಲರಿಗೂ ಹೌದು ಎನ್ನುವವನು ನಾಳೆ ನನ್ನ ಪರವಾಗಿ ಯಾರೆದುರು ನಿಂತಾನು?

"ಈಗ ಬೇಡ ಅಮ್ಮೀ" ಎಂದಳು. ಹಾಸಿಗೆಗೆ ಹೋದ ಮೇಲೆ ಅತ್ತಳು.

ಎರಡು ತಿಂಗಳು ಅವನು ಎದುರಿಗೆ ಬರಲಿಲ್ಲ. ರಂಜಾನ್ ಬಂತು. ಉಪವಾಸದಲ್ಲೇ ಅವಳು ಊರೂರು ತಿರುಗಿ ದನಗಳಿಗೆ ಲಸಿಕೆ ಹಾಕಿದಳು. ತಿಂಗಳ ನಡುವೆ ಡೇರಿಯ ವಾರ್ಷಿಕ ಸಭೆ. ಮಧ್ಯಾಹ್ನ ಊಟಕ್ಕೆ ಎಲೆ ಹಾಕಿದಾಗ ಅವಳು ಪಕ್ಕದ ಕೋಣೆಯಲ್ಲಿ ಲಸಿಕೆಯ ಪಟ್ಟಿ ಬರೆಯುತ್ತಾ ಕೂತಿದ್ದಳು.

"ಬಾರ್ಲಾ ಸೊಹೈಲ, ಪಾಯಸ ಬಿಸಿ ಐತೆ!" ವಸಂತನ ದನಿ.

ಅವಳ ಪೆನ್ನು ನಿಂತಿತು. ಕಿಟಕಿಯಲ್ಲಿ ನೋಡಿದಳು. ಸೊಹೈಲ್ ಎಲೆಯ ಮುಂದೆ ನಿಂತಿದ್ದ, ಕೂರಲಿಲ್ಲ.

"ಇಲ್ಲ ಕಣೋ ವಸಂತ. ರೋಜಾ ಇದ್ದೀನಿ."

"ಓದ್ ವರ್ಸ ತಿಂದಿದ್ದಲ್ಲೋ?"

"ಹೋದ್ ವರ್ಷಾನೂ ಇದ್ದೆ. ನಿಂಗೆ ಬೇಜಾರಾಗುತ್ತೆ ಅಂತ ಮುರಿದೆ."

ಪಂಕ್ತಿಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಮೆಹನಾಜ್ ಕಿಟಕಿಗೆ ಇನ್ನೂ ಹತ್ತಿರ ಸರಿದಳು.

ವಸಂತ್ ಪಾಯಸದ ಬಕೆಟ್ಟು ಕೆಳಗಿಟ್ಟ. ಅವನ ಕಣ್ಣಲ್ಲಿ ನೀರಾಡಿತು. "ಥೂ ನಿನ್ನ! ಏಳ್‌ಬಾರ್ದೇನ್ಲಾ? ನಾನೇನು ನಿನ್ನ ಬಾಯಿಗೆ ತುರುಕ್ತಿದ್ನಾ? ಇಷ್ಟು ವರ್ಸ ನನ್ನನ್ನ ಇಷ್ಟೇನಾ ನೀನು ತಿಳ್ಕಂಡಿದ್ದು?"

ಸೊಹೈಲ್ ಅವನ ಹೆಗಲ ಮೇಲೆ ಕೈಯಿಟ್ಟ. ಮಂಚಯ್ಯ ಎಲೆ ಮುಂದಿನಿಂದ ಕೂಗಿದ, "ಸುಮ್ಕಿರ್ಲಾ ವಸಂತ. ಅವ್ನ ಪಾಲು ಡಬ್ಬಿಗೆ ಆಕು, ಸಂಜೀಕೆ ತಿಂತಾನೆ. ಡಾಕ್ಟ್ರವ್ವಂಗೂ ಒಂದು ಡಬ್ಬಿ!"

ಜನ ನಕ್ಕರು. ಅವನೂ ನಕ್ಕ. ಈ ಸಲದ ನಗೆ ಕಣ್ಣಿನವರೆಗೂ ಹೋಯಿತು!

ಊಟ ಮುಗಿದ ಮೇಲೆ ಡೇರಿ ಹಿಂದಿನ ಹೊಂಗೆ ಮರದ ಕೆಳಗೆ ಅವನೊಬ್ಬನೇ ಕೂತಿದ್ದ. ಮೆಹನಾಜ್ ನೇರವಾಗಿ ಅಲ್ಲಿಗೆ ನಡೆದಳು. ಮಾರು ದೂರದಲ್ಲಿ ನಿಂತಳು.

"ನಾನಿಲ್ಲಿದ್ದೀನಿ ಅಂತ ಹಾಗಂದ್ರಾ?"

"ನೀವು ಒಳಗಿದ್ದಿದ್ದೇ ಗೊತ್ತಿರಲಿಲ್ಲ ಡಾಕ್ಟ್ರೇ!" ಅವನು ಗಡಬಡಿಸಿ ಎದ್ದ. "ನಿಮ್ಮ ಮಾತು ಕೇಳಿ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ. ಆ ದಿನ ಕೊಟ್ಟಿಗೇಲಿ ನಿಮ್ಮನ್ನ ಒಬ್ಬಂಟಿ ಮಾಡಿದೆ, ಮಾಫ್ ಮಾಡಿ. ಕುಂಕುಮ ಇಟ್ಟ ಅಮ್ಮನ ಹತ್ರಾನೂ ಹೋಗಿ ಹೇಳ್ದೆ. 'ಒರೆಸಂಗಿದ್ರೆ ಇಡಿಸ್ಕಂಡಿದ್ದು ಯಾಕಪ್ಪಾ' ಅಂತ ಬೈದು ರೊಟ್ಟಿ ಕೊಟ್ರು."

ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಮಾತ್ರ ನಗಲಿಲ್ಲ. "ಮೆಹನಾಜ್, ನೀವಂದ್ರೆ ನನಗೆ ತುಂಬಾ ಇಷ್ಟ. ಮೊದಲ ದಿನ ಅಷ್ಟು ಜನರ ಮುಂದೆ ನೀವು ಹೆದರದೆ ನಿಂತಿದ್ರಲ್ಲ, ಆವತ್ತಿಂದ. ಅಬ್ಬಾನ ಇನ್ನೊಂದ್ಸಲ ಕಳಿಸ್ಲಾ? ನಿಮಗೆ ಒಪ್ಪಿಗೆ ಇಲ್ಲದಿದ್ರೆ ಈಗಲೇ ಹೇಳಿ. ಆಮೇಲೂ ಹಸು ಕಷ್ಟದಲ್ಲಿದ್ರೆ ಹಗ್ಗ ಹಿಡಿಯೋಕೆ ಬರ್ತೀನಿ."

ಅವಳ ಕಣ್ಣುಗಳು ತುಂಬಿ ಬಂದವು. ಆದರೆ ದನಿ ನಡುಗಲಿಲ್ಲ. "ನಾನು ಕೆಲಸ ಬಿಡಲ್ಲ."

"ಬಿಡಬೇಡಿ."

"ಈದ್ ಆದ ಮೇಲೆ ಕಳಿಸಿ. ಅಮ್ಮಿಗೆ ನಾನೇ ಹೇಳ್ತೀನಿ... ನನಗೂ ನೀವು ಬೇಕು ಅಂತ."

ಸೊಹೈಲ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದಲೇ ಕೇಳಿದ, "ನಾನೂ ಒಂದು ಷರತ್ತು ಹಾಕ್ಲಾ?"

"ಹಾಕಿ!"

"ಬೆಳಗಿನ ನಮಾಜ್ ಆದ ಮೇಲೆ ನಾನು ಮತ್ತೆ ಒಂದು ಗಂಟೆ ಮಲಗ್ತೀನಿ. ಯಾರೂ ಎಬ್ಬಿಸಬಾರದು."

"ಆ ಹೊತ್ತಿಗೇ ಯಾವುದಾದ್ರೂ ಹಸು ಈಯೋಕೆ ಶುರುಮಾಡಿದ್ರೆ?"

ಅವನು ಗಂಭೀರವಾಗಿ ಯೋಚಿಸಿದ.

"ಆಗ ಎಬ್ಬಿಸಿ. ಗಾಡಿ ನಾನು ಓಡಿಸ್ತೀನಿ. ಹಿಂದೆ ಕೂತು ನೀವು ಮಲಗಿ."