ಯಾವ ಗುಡ್ಡೆಗೂ ಸೇರದ ಚೀಟಿ

ಸಸ್ಯೋದ್ಯಾನದ ವೆಬ್‌ಸೈಟಿನಲ್ಲಿ ಸಾವಿರದ ಮುನ್ನೂರು ಪುಟಗಳಿದ್ದವು. ಎಲ್ಲವೂ ಒಂದೇ ರಾಶಿ. ಗುಲಾಬಿ ಕಸಿ ಹುಡುಕಿದವರಿಗೆ ಶೌಚಾಲಯದ ದಾರಿ ಸಿಗುತ್ತಿತ್ತು. ಅದನ್ನು ಸಣ್ಣ ಸಣ್ಣ ವಿಭಾಗ ಮಾಡಲು ಬಂದವನಿಗೆ ಕಚೇರಿಯವರು 'ವಿಂಗಡಣೆ ಸಾಹೇಬ' ಎಂದು ಹೆಸರಿಟ್ಟರು. ಅವನ ಜೊತೆ ಕೂರಬೇಕಾದವಳು ಹನ್ನೊಂದು ವರ್ಷದಿಂದ ಅಲ್ಲಿನ ಕಡತ ನೋಡಿಕೊಂಡಿದ್ದ ಗುಮಾಸ್ತೆ.

ಅವನ ಕ್ರಮವೇ ಬೇರೆ. ಪ್ರತಿ ಪುಟದ ಹೆಸರನ್ನು ಎರಡು ಚೀಟಿಯಲ್ಲಿ ಬರೆದು, ಇಬ್ಬರೂ ತಮ್ಮ ತಮ್ಮ ಮೇಜಿನ ಮೇಲೆ ಮಾತಿಲ್ಲದೆ ಗುಡ್ಡೆ ಹಾಕಬೇಕು. ಆಮೇಲೆ ಹೋಲಿಸಿ, ಹೊಂದದ ಚೀಟಿಗೆ ಮಾತ್ರ ವಾದ.

"ಬೋನ್ಸಾಯ್ ಗಿಡಾನ ಮಕ್ಕಳ ವಿಭಾಗಕ್ಕೆ ಯಾಕೆ ಹಾಕಿದ್ರಿ?"

"ಕುಳ್ಳಗಿದೆಯಲ್ಲ," ಎಂದ ಗಂಭೀರವಾಗಿ.

ಅವಳು ತುಟಿ ಕಚ್ಚಿ ಕಿಟಕಿಯತ್ತ ತಿರುಗಿದಳು. ಕನ್ನಡಕದ ಮೇಲಿಂದ ಅವನು ನೋಡುತ್ತಿರುವುದು ತಿಳಿಯಿತು. ತಿಳಿದದ್ದೇ ತೊಂದರೆಯಾಯಿತು.

"ಪಾತ್ರೆ ತೊಳೀತಾ ಒಬ್ಬಳೇ ನಗ್ತೀಯಲ್ಲೇ," ಎಂದರು ಮನೆಯಲ್ಲಿ ಅತ್ತೆ.

"ಏನಿಲ್ಲತ್ತೆ."

ಗಂಡ ತೀರಿಹೋಗಿ ನಾಲ್ಕು ವರ್ಷ. ದೇವರ ಮುಂದೆ ಕೈಮುಗಿದು ನಿಂತರೆ ಏನು ಬೇಡಬೇಕೆಂದೇ ತೋಚದು. ಈ ನಗು ಹೋದವರಿಗೆ ಬಗೆದ ದ್ರೋಹವೋ, ಮೇಲಿನವನ ಕರುಣೆಯೋ? ಆದರೂ ಬೆಳಗಾದರೆ ಸೀರೆ ಆರಿಸಲು ಹೊತ್ತು ಹಿಡಿಯುತ್ತಿತ್ತು.

ಕೊನೆಯ ದಿನ ಎಲ್ಲ ಗುಡ್ಡೆಗಳೂ ಹೊಂದಿದವು, ಒಂದು ಚೀಟಿಯ ಹೊರತು. ಉದ್ಯಾನದ ಹಿರಿಯ ಮಾಲಿಯ ಪುಟ, ಅವಳ ಗಂಡನದು. ಅವಳು ಅದನ್ನು 'ಈಗಿನ ಸಿಬ್ಬಂದಿ'ಯಲ್ಲಿ ಇಟ್ಟಿದ್ದಳು. ಅವನ ಮೇಜಿನಲ್ಲಿ ಅದು ಒಂಟಿಯಾಗಿ ಅಂಚಿನಲ್ಲಿತ್ತು.

"ಅವರನ್ನ ಹೊರಗೆ ಹಾಕಿಬಿಟ್ರಾ?" ಎಂದಳು.

"ಇಲ್ಲ. ಮೂರು ದಿನದಿಂದ ಹೀಗೇ ಪಕ್ಕಕ್ಕೆ ಇಟ್ಕೊಂಡಿದ್ದೀನಿ. ಹಳಬರ ಗುಡ್ಡೆಗೆ ಹಾಕೋಕೆ ಹೋದೆ. ಕೆಲಸಕ್ಕೋಸ್ಕರ ಹಾಕ್ತಿದ್ದೀನೋ, ನನ್ನ ಸ್ವಾರ್ಥಕ್ಕೋ ಅಂತ ಗೊತ್ತಾಗ್ಲಿಲ್ಲ."

"ನಿಮಗೇನು ಸ್ವಾರ್ಥ?"

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ. "ನೀವು ನನಗೆ ಇಷ್ಟ. ಅಷ್ಟೇ."

ಸಿಟ್ಟು ಬರಬೇಕಿತ್ತು ಎನ್ನಿಸಿತು ಅವಳಿಗೆ. ಬರಲಿಲ್ಲ. ಎದ್ದು, ಆ ಚೀಟಿಯನ್ನು ಎತ್ತಿ 'ಮರಗಳು' ಎಂಬ ಗುಡ್ಡೆಯ ಮೇಲಿಟ್ಟಳು.

"ಇದರಲ್ಲಿ ಅರ್ಧ ಅವರೇ ನೆಟ್ಟಿದ್ದು. ಮರ ಹುಡುಕ್ಕೊಂಡು ಬಂದವರಿಗೆ ನೆಟ್ಟವರೂ ಸಿಗ್ಲಿ."

ಅವನು ತಲೆಯಾಡಿಸಿ ಚೀಲಕ್ಕೆ ಕಾಗದ ತುಂಬತೊಡಗಿದ. "ಹಾಗಾದ್ರೆ ಕೆಲಸ ಮುಗೀತು. ನಾಳೆಯಿಂದ ನಾನು..."

"ನಾಳೆ ಮನೆಗೆ ಬನ್ನಿ," ಎಂದಳು. ತನ್ನ ಮಾತಿಗೆ ತಾನೇ ಬೆಚ್ಚಿದಳು. "ನನಗಿನ್ನೂ ಏನೂ ತಿಳೀತಿಲ್ಲ. ಆದ್ರೂ ಬನ್ನಿ. ಅತ್ತೆಗೆ ನಾನೇ ಹೇಳ್ತೀನಿ."

"ಎಷ್ಟು ಹೊತ್ತಿಗೆ?"

"ಹತ್ತಕ್ಕೆ." ಅವನು ಬಾಗಿಲು ದಾಟುವಾಗ ಮತ್ತೆ ಕರೆದಳು. "ಬೇಡ, ಒಂಬತ್ತಕ್ಕೇ ಬನ್ನಿ."